ಮಸ್ಕಿಗೆ ನಾನು ಒಯ್ದ ಪ್ರಜಾಪ್ರಭುತ್ವ

ದೊಡ್ಡವರು ಸಣ್ಣವರ ಮನೆಗೆ ಬಂದು "ನಿಮಗೆ ಒಳ್ಳೇದು ಮಾಡುತ್ತೇನೆ" ಅಂದಾಗ ಅವರ ಬಾಯಿ ನೋಡಬಾರದು, ಕಣ್ಣು ನೋಡಬೇಕು. ಬಾಯಿ ಜನರ ಬಗ್ಗೆ ಮಾತಾಡುತ್ತಿರುತ್ತದೆ, ಕಣ್ಣು ಅಟ್ಟದ ಮೇಲೆ ಏನಿದೆ ಅಂತ ಹುಡುಕುತ್ತಿರುತ್ತದೆ. ಈ ಮಾತು ನನ್ನದೇ. ಲಿಂಗಸುಗೂರಿನ ಚರ್ಚಾಸ್ಪರ್ಧೆಯಲ್ಲಿ ಇದನ್ನು ಹೇಳಿ ಎಡಗೈಯನ್ನು ಮೂರು ಸೆಕೆಂಡು ಗಾಳಿಯಲ್ಲಿ ನಿಲ್ಲಿಸಿದಾಗ ಬಿದ್ದ ಚಪ್ಪಾಳೆಗೆ ಸಭಾಂಗಣದ ಪಾರಿವಾಳಗಳೆಲ್ಲ ಎದ್ದು ಹೋದವು, ಸಂಜೆಯವರೆಗೂ ವಾಪಸು ಬರಲಿಲ್ಲ ಅಂತ ಅಲ್ಲಿನ ಜವಾನರು ಹೇಳಿದರು. ಜವಾನರು ಹಾಗೇನೂ ಹೇಳಲಿಲ್ಲ, ಆದರೆ ಕೇಳಿದ್ದರೆ ಹೇಳುತ್ತಿದ್ದರು. ಬಲಾಢ್ಯ ದೇಶಗಳು ಪರದೇಶಗಳಲ್ಲಿ ಪ್ರಜಾಪ್ರಭುತ್ವ ಬೆಳೆಸುತ್ತೇವೆ ಅನ್ನುವುದು ಬರೀ ಸ್ವಾರ್ಥದ ಮುಸುಕು ಅನ್ನುವುದು ವಿಷಯ. ನಾನು ಪರವಾಗಿ ಮಾತಾಡಿದೆ, ಮೊದಲ ಬಹುಮಾನ ಬಂತು. ಆ ಬಹುಮಾನವನ್ನು ಯಾರಾದರೂ ಹೊಗಳಿದರೆ ನಾನು ಈಗ ಮಾತು ಬದಲಿಸುತ್ತೇನೆ. ಯಾಕೆ ಅಂತ ಯಾರಿಗೂ ಹೇಳಿಲ್ಲ. ನನ್ನಂಥ ಬಾಯಿಬಡುಕಿ ಹೇಳದೆ ಇಟ್ಟುಕೊಂಡ ಸಂಗತಿ ಅಂದಮೇಲೆ ಅದರ ತೂಕ ಎಷ್ಟಿರಬೇಕು ನೀವೇ ಯೋಚಿಸಿ.

ನನ್ನ ಹೆಸರು ಶಶಿಕಲಾ, ಎಲ್ಲರಿಗೂ ಶಶಿ. ಹದಿನೇಳು ವರ್ಷ, ಸಿಂಧನೂರಿನಲ್ಲಿ ದ್ವಿತೀಯ ಪಿಯುಸಿ. ನನ್ನ ಬುದ್ಧಿಯ ಬಗ್ಗೆ ನಾನೇ ಹೇಳಿಕೊಳ್ಳುವುದು ಸರಿಯಲ್ಲ, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳಿಬಿಡುತ್ತೇನೆ: ಬಹಳ ಇದೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ನೆಲ ಕಿತ್ತು ಟೈಲ್ಸ್ ಹಾಕಿಸುವ ಕೆಲಸ ಶುರುವಾಯಿತು. ಸಿಂಧನೂರಿನ ಮೇ ತಿಂಗಳು ಹೇಗಿರುತ್ತದೆ ಅಂದರೆ, ಬಿಸಿಲಿಗೆ ಬೇಸತ್ತವರು ತಂಪಿಗೆ ಅಂತ ಹೋಗಿ ರೈಸ್ ಮಿಲ್ಲಿನ ಬಾಯ್ಲರ್ ಪಕ್ಕ ನಿಲ್ಲುತ್ತಾರೆ. ಅದರ ಮೇಲೆ ಸಿಮೆಂಟಿನ ಧೂಳು ಬೇರೆ. ಎರಡೇ ದಿನಕ್ಕೆ ಅಮ್ಮ ಅಪ್ಪನ ಹತ್ತಿರ ದೂರು ಒಯ್ದಳು. "ಈಕಿನ್ನ ಎಲ್ಲೆರ ಕಳಸ್ರಿ. ಮಿಸ್ತ್ರಿಗೆ ಕೆಲಸ ಕಲಸಾಕತ್ಯಾಳ. ಆಂವ ಗಂಟು ಕಟ್ಟಾಕತ್ತಾನ." ಹೀಗೆ ನಾನು ದೇಶಾಂತರ ಹೊರಟೆ.

ಮೊದಲ ವಾರ ಲಿಂಗಸುಗೂರಿನಲ್ಲಿ, ಅಮ್ಮನ ಅಣ್ಣನ ಮನೆಯಲ್ಲಿ. ನಮ್ಮ ಈ ಮಾವನಂಥ ಸರ್ವಾಧಿಕಾರಿಯನ್ನು ನೀವು ಪಾಠದ ಪುಸ್ತಕದಲ್ಲೂ ಓದಿರುವುದಿಲ್ಲ. ಅತ್ತೆ ಸಾರಿಗೆ ಕರಿಬೇವು ಹಾಕಬೇಕಾದರೂ ಮಾವನ ಅಂಗಡಿಗೆ ಫೋನ್ ಮಾಡಿ ಅವನನ್ನು ಕೇಳುತ್ತಿದ್ದಳು. ಅವನು ಕೆಮ್ಮಿದರೆ ಮನೆಯ ಗೋಡೆ ಗಡಿಯಾರವೇ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. ಆದರೆ ನನಗೆ ಮಾತ್ರ ಸ್ಕೂಟಿಯ ಕೀಲಿ, ಎಸಿ ಇರುವ ಕೋಣೆ, ಸಂಜೆಗೊಂದು ಮಾವಿನ ಹಣ್ಣಿನ ಐಸ್‌ಕ್ರೀಮು. ಆ ಒಂದು ವಾರ ಪ್ರಜಾಪ್ರಭುತ್ವ ಅನ್ನುವ ಪದ ನನಗೆ ಒಂದು ಸಲವೂ ನೆನಪಾಗಲಿಲ್ಲ. ಒಮ್ಮೆ ಅಡುಗೆಮನೆಯಲ್ಲಿ ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಉಳ್ಳಾಗಡ್ಡಿ ಹೆಚ್ಚುತ್ತಿರಬೇಕು ಅಂದುಕೊಂಡೆ. ಅವತ್ತು ಮನೆಯಲ್ಲಿ ಉಳ್ಳಾಗಡ್ಡಿ ಇರಲಿಲ್ಲ.

ಆಮೇಲೆ ಮಸ್ಕಿಯ ದೊಡ್ಡಪ್ಪನ ಮನೆ. ಅಲ್ಲಿ ಐದು ಜನ. ದೊಡ್ಡಪ್ಪನಿಗೆ ಬೀಜ-ಗೊಬ್ಬರದ ಅಂಗಡಿ. ದೊಡ್ಡಮ್ಮ. ಅವರ ಮಗ ಮಲ್ಲಣ್ಣ, ಅಪ್ಪನ ಜೊತೆ ಅಂಗಡಿಯಲ್ಲಿ ಕೂರುತ್ತಾನೆ. ಮಗಳು ಗಿರಿಜಕ್ಕ, ನನಗಿಂತ ಒಂದೂವರೆ ವರ್ಷ ದೊಡ್ಡವಳು, ಆಗಷ್ಟೇ ಪಿಯುಸಿ ಮುಗಿಸಿ ಕೃಷಿ ಪದವಿಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಇವರೆಲ್ಲರ ಮೇಲೆ ಆಯಿ, ನನ್ನ ಅಪ್ಪನ ಮತ್ತು ದೊಡ್ಡಪ್ಪನ ತಾಯಿ. ಆಯಿಯದು ಹುಕುಂ ಪದ್ಧತಿ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ಮೇಲೆ ವಿಭೂತಿ ಇನ್ನೂ ಒದ್ದೆ ಇರುವಾಗಲೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾಳೆ. ಆ ಲೋಟ ಖಾಲಿಯಾಗುವುದರೊಳಗೆ ಇಡೀ ದಿನದ ಆಡಳಿತ ತೀರ್ಮಾನವಾಗಿರುತ್ತದೆ. "ಇವತ್ತ ಪುಂಡಿಪಲ್ಯ. ಮಲ್ಲ್ಯಾ ಹಜಾಮತಿ ಮಾಡಿಸ್ಕೊಂಡು ಬರಲಿ, ಕರಡಿ ಆಗ್ಯಾನ. ಗಿರಿಜಿ ಮಧ್ಯಾಹ್ನ ಓದ್ಲಿ, ಆಕಿನ್ನ ಯಾರೂ ಕೆಲಸಕ್ಕ ಕರೀಬ್ಯಾಡ್ರಿ." ಯಾಕೆ ಅಂತ ಕೇಳುವ ಹಾಗಿಲ್ಲ. ಐವತ್ತು ದಾಟಿದ ದೊಡ್ಡಪ್ಪ, ಇಡೀ ಮಸ್ಕಿಗೆ ಯೂರಿಯಾ ಹಂಚುವ ಮನುಷ್ಯ, ತಾಯಿಯ ಮುಂದೆ "ಹೂಂ ಯವ್ವಾ" ಅನ್ನುವುದು ಬಿಟ್ಟು ಬೇರೆ ವಾಕ್ಯ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ನನಗೆ ಇದರಿಂದೆಲ್ಲ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಕೂಲರಿನದು. ಮನೆಗೆಲ್ಲ ಒಂದೇ ಕೂಲರು. ಆಯಿಯ ಹುಕುಮಿನ ಪ್ರಕಾರ ಮಧ್ಯಾಹ್ನವಿಡೀ ಅದು ಗಿರಿಜಕ್ಕ ಓದುವ ನಡುಮನೆಯಲ್ಲಿ ಇರಬೇಕು. ನಾನು ಪಡಸಾಲೆಯಲ್ಲಿ ಮೊಬೈಲು ಹಿಡಿದು ಮಲಗಿ, ಒಂದು ಮಗ್ಗುಲು ಬೆಂದ ಮೇಲೆ ಇನ್ನೊಂದು ಮಗ್ಗುಲಿಗೆ ರೊಟ್ಟಿಯ ಹಾಗೆ ಹೊರಳುತ್ತಿದ್ದೆ. ಮೂರನೆಯ ದಿನ, ಬೆವರು ಕಿವಿಯೊಳಗೆ ಇಳಿಯುತ್ತಿದ್ದಾಗ, ಈ ಮನೆಯಲ್ಲಿ ಜನರ ದನಿಗೆ ಬೆಲೆಯೇ ಇಲ್ಲವಲ್ಲ ಅನ್ನುವ ಸತ್ಯ ನನ್ನ ಕಣ್ಣಿಗೆ ಬಿತ್ತು. ಪಾಪ, ಇಷ್ಟು ವರ್ಷ ಇವರೆಲ್ಲ ಹೇಗೆ ಬದುಕಿದರೋ!

ಸಂಜೆ ಎಲ್ಲರೂ ಕೂತಾಗ ಮಾತು ತೆಗೆದೆ. "ಆಯಿ, ಜಗತ್ತೆಲ್ಲ ಮುಂದ ಹೋಗೈತಿ. ಈಗ ಯಾರ ಮನ್ಯಾಗೂ ಒಬ್ಬರ ಹುಕುಂ ನಡಿಯಾಂಗಿಲ್ಲ. ಎಲ್ಲಾರನ್ನೂ ಕೇಳಬೇಕು, ಓಟು ಹಾಕಬೇಕು."

"ಯಾರಿಗೆ ಓಟು? ನಾ ಏನು ಎಲೆಕ್ಷನ್‌ಗೆ ನಿಂತೀನೇನ ಬೇ?" ಅಂತ ಆಯಿ ನಕ್ಕಳು.

"ಯಾರಿಗೂ ಅಲ್ಲ. ವಿಷಯಕ್ಕ. ಕೂಲರ್ ಎಲ್ಲಿಡಬೇಕು, ಟಿವಿ ಯಾರು ನೋಡಬೇಕು, ಎಲ್ಲಾನೂ."

"ಆಹಾಹಾ! ಮೊದಲನೇ ಹೆಸರು ಕೂಲರಿಂದೇ ಬಂತು ನೋಡು," ಅಂದಳು ಆಯಿ. ಮುದುಕಿಯ ಕಣ್ಣಿಗೆ ಪೊರೆ ಬಂದಿದೆ ಅಂತ ಡಾಕ್ಟರು ಹೇಳುತ್ತಾರೆ. ನಾನು ನಂಬುವುದಿಲ್ಲ.

ಆದರೆ ದೊಡ್ಡಪ್ಪನ ಮುಖದಲ್ಲಿ ಏನೋ ಆಯಿತು. ಎಷ್ಟೋ ವರ್ಷದಿಂದ ಮುಚ್ಚಿದ್ದ ಕಿಟಕಿ ಕಿರ್ ಅಂತ ತೆರೆದ ಹಾಗೆ. ಅವರು ಗಂಟಲು ಸರಿಮಾಡಿಕೊಂಡು, "ಹುಡುಗಿ ಹೇಳೋದು ಬರಾಬರಿ ಐತಿ ಯವ್ವಾ" ಅಂದರು. ಅದು ಅವರ ಜೀವನದ ಎರಡನೆಯ ವಾಕ್ಯ. ಆಯಿ ಮಗನ ಮುಖವನ್ನು ನೋಡಿ, "ಆತು, ಎಲ್ಲಾರಿಗೂ ಬೇಕಂದ್ರ ಹಂಗ ಆಗ್ಲಿ. ನಾ ಮಾತು ಕೊಟ್ಟೀನಿ. ಓಟಿನಾಗ ಏನ್ ಬರ್ತೈತೋ ಅದು" ಅಂದಳು.

ಸಂವಿಧಾನ ನಾನೇ ಬರೆದೆ. ಹೌದು ಅನ್ನುವವರು ತಂಬಿಗೆಯೊಳಗೆ ಜೋಳದ ಕಾಳು ಹಾಕಬೇಕು, ಇಲ್ಲ ಅನ್ನುವವರು ತೊಗರಿ ಕಾಳು. ನಾನು ಅತಿಥಿಯಾದರೂ ಈ ಮನೆಯ ಮೊಮ್ಮಗಳಾದ್ದರಿಂದ ನನಗೂ ಒಂದು ಕಾಯಂ ಓಟು, ಒಟ್ಟು ಆರು. ಸಮ ಸಮ ಬಂದರೆ ಆಯಿಯ ಮಾತೇ ಕೊನೆ. ಇದು ಪದಚ್ಯುತ ದೊರೆಗೆ ನಾನು ತೋರಿಸಿದ ಔದಾರ್ಯ. ಕೂಲರು ಪಡಸಾಲೆಗೆ ಬರಲಿ ಅನ್ನುವ ಮೊದಲ ಮತದಾನದಲ್ಲಿ ತಂಬಿಗೆ ಬೋರಲು ಹಾಕಿದರೆ ಒಳಗಿಂದ ಒಂದು ಬೊಗಸೆಗೂ ಮಿಕ್ಕಿ ಜೋಳ ಸುರಿಯಿತು. ದೊಡ್ಡಮ್ಮ ಮುಷ್ಟಿ ತುಂಬಾ ಹಾಕಿದ್ದಳು. "ಒಂದ ಕಾಳು ಹ್ಯಾಂಗ ಹಾಕ್ಲಿ ಯವ್ವಾ? ಜೋಳ ಕೊಡೋ ಮುಂದ ಒಂದ ಕಾಳು ಕೊಟ್ರ ಮನಿಗೆ ದರಿದ್ರ ಬರ್ತೈತಿ. ಭಿಕ್ಷಾಕ ಬಂದ ಜಂಗಮಗೂ ಮುಷ್ಟಿ ತುಂಬ ಹಾಕ್ತೀವಿ, ಓಟಿಗೆ ಕಮ್ಮಿ ಮಾಡ್ಲೇನು?" ಅಂದಳು. ಪ್ರಜಾಪ್ರಭುತ್ವದ ಇತಿಹಾಸದಲ್ಲಿ ಧಾರಾಳತನದಿಂದ ಚುನಾವಣಾ ಅಕ್ರಮ ನಡೆದದ್ದು ಬಹುಶಃ ಅದೊಂದೇ ಸಲ. ಮರುಮತದಾನ ಮಾಡಿಸಿದೆ. ಐದು ಜೋಳ, ಒಂದು ತೊಗರಿ. ಕೂಲರು ಪಡಸಾಲೆಗೆ ಬಂತು.

ಐದನೆಯ ಜೋಳ ಗಿರಿಜಕ್ಕನದು. ಓದುವುದು ಅವಳು, ಬೇಯಬೇಕಾದ್ದು ಅವಳು, ಆದರೂ ಅವಳು ತನ್ನ ಕೂಲರಿನ ವಿರುದ್ಧವೇ ಓಟು ಹಾಕಿದ್ದಳು. "ಯಾಕ ಅಕ್ಕ?" ಅಂತ ಆಶ್ಚರ್ಯಪಟ್ಟು ಕೇಳಿದೆ. "ಏನಿಲ್ಲಬೇ. ಈ ಮನ್ಯಾಗ ಮೊದಲನೇ ಸಲ ನನ್ನನ್ನೂ ಯಾರೋ ಕೇಳಿದ್ರಲ್ಲ, ಖುಷಿ ಆತು. ಕೇಳಿದಾಕಿಗೆ ಇಲ್ಲ ಅಂತ ಹ್ಯಾಂಗ ಅನ್ಲಿ?" ಅಂದಳು. ಆಮೇಲೆ ಉಳಿದ ಮೇ ತಿಂಗಳಿಡೀ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಹಿತ್ತಿಲ ಬೇವಿನ ಗಿಡದ ಕೆಳಗೆ ಓದಿದಳು. ನಾನು ತಂಪಾಗಿ ಮಲಗಿದ್ದೆ. ಸ್ವಾತಂತ್ರ್ಯದ ಗಾಳಿ ಅಂದರೆ ಅದೇ ಅನ್ನಿಸಿತ್ತು.

ಹುಕುಂ ಹೋದ ಮೇಲೆ ಎಲ್ಲದಕ್ಕೂ ತಂಬಿಗೆ ಕೆಳಗಿಳಿಯತೊಡಗಿತು. ಎಲ್ಲರಿಗಿಂತ ಹೆಚ್ಚು ಹುಚ್ಚು ಹಿಡಿದದ್ದು ದೊಡ್ಡಪ್ಪನಿಗೆ. ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ "ಇವತ್ತ ಯಾವ ವಿಷಯ ಐತಿ?" ಅನ್ನುತ್ತಿದ್ದರು. ವಿಷಯ ಇಲ್ಲದ ದಿನ ಬದನೆಕಾಯಿಗೆ ಮಸಾಲೆ ತುಂಬಬೇಕೋ ಬೇಡವೋ ಅಂತ ಓಟು. ಮಲ್ಲಣ್ಣ ಒಮ್ಮೆ ಅಂಗಡಿಯಿಂದಲೇ ಫೋನಿನಲ್ಲಿ ಓಟು ಹಾಕಿ ನನ್ನ ಧಾರಾವಾಹಿ ತಪ್ಪಿಸಿ ಕ್ರಿಕೆಟ್ ಹಾಕಿಸಿದ. ನಾನು ತಕ್ಷಣ ತಿದ್ದುಪಡಿ ತಂದೆ: ಓಟು ಖುದ್ದಾಗಿ ಬಂದೇ ಹಾಕಬೇಕು, ಫೋನಿನ ಓಟು ನಡೆಯುವುದಿಲ್ಲ. ದೊಡ್ಡಪ್ಪ ಅದನ್ನು ಅಂಗಡಿಯ ರಸೀದಿಯ ಹಿಂದೆ ಬರೆದು ಗೋಡೆಗೆ ಅಂಟಿಸಿದರು.

ಜೂನಿನಲ್ಲಿ ಕಾಲೇಜು ಶುರುವಾಯಿತು, ನಮ್ಮ ಟೈಲ್ಸೂ ಮುಗಿದಿತ್ತು, ನಾನು ಸಿಂಧನೂರಿಗೆ ಹೊರಟೆ. ಒಂದು ಮಳೆ ಬಿದ್ದು ಕೂಲರಿನ ಅಗತ್ಯವೂ ಮುಗಿದಿತ್ತು ಅನ್ನುವುದನ್ನು ಪ್ರಾಮಾಣಿಕವಾಗಿ ಹೇಳಬೇಕು.

ಜುಲೈ ಕೊನೆಯಲ್ಲಿ ಗಿರಿಜಕ್ಕ ಫೋನ್ ಮಾಡಿದಳು. ರಾಯಚೂರಿನ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ನಾಯಿ ಕಟ್ಟು ಬಿಚ್ಚಿಕೊಂಡು ಓಡಿತು. ಆದರೆ ಅವಳು ಅಳುತ್ತಿದ್ದಳು. "ಸಿಂಧನೂರಿಂದ ಒಂದು ಸಂಬಂಧ ಬಂದೈತಿ. ರೈಸ್ ಮಿಲ್ಲಿನವರು. ಅಪ್ಪಗ ಭಾಳ ಸೇರೈತಿ. ಗಿರಿಜಿ ಓದ್ತಾಳ ಅಂತ ಆಯಿ ಒಂದ ಮಾತಿನಾಗ ಅಂದ್ಲು. ಅಪ್ಪ ಮಾತ್ರ, ಹಂಗ ಒಬ್ಬರ ಮಾತು ನಡಿಯಾಂಗಿಲ್ಲ, ಓಟಿಗೆ ಹಾಕೂಣು ಅಂದ. ಶನಿವಾರ ಹನ್ನೊಂದಕ್ಕ ಐತಿ. ಗಂಡಿನವರು ಮಧ್ಯಾಹ್ನ ಉತ್ತರ ಕೇಳಾಕ ಬರ್ತಾರ."

ನಾನು ಬೆರಳು ಮಡಚಿ ಎಣಿಸಿದೆ. ಓದು ಬಿಟ್ಟು ಮದುವೆಯಾಗಲಿ ಅನ್ನುವವರು ದೊಡ್ಡಪ್ಪ, ಇಂಥ ಮನೆ ಮತ್ತೆ ಸಿಗುತ್ತದೋ ಇಲ್ಲವೋ ಅಂತ ಹೆದರಿದ ದೊಡ್ಡಮ್ಮ, ನಡುಮನೆ ತನಗೆ ಸಿಗುತ್ತದೆ ಅಂತ ಕಾದ ಮಲ್ಲಣ್ಣ. ಬೇಡ ಅನ್ನುವವರು ಆಯಿ, ಗಿರಿಜಕ್ಕ. ಮೂರಕ್ಕೆ ಎರಡು. ನಾನು ಹೋದರೆ ಮೂರಕ್ಕೆ ಮೂರು, ಸಮ ಸಮ, ಆಯಿಯ ಮಾತೇ ಕೊನೆ.

"ನೀ ಬಾರಬೇ, ಫೋನಿನ ಓಟು ನಡಿಯಾಂಗಿಲ್ಲಲ್ಲ. ನಿಂದೊಂದು ಕಾಳು ಸಾಕು" ಅಂದಳು ಗಿರಿಜಕ್ಕ.

ಶನಿವಾರವೇ ಲಿಂಗಸುಗೂರಿನಲ್ಲಿ ಚರ್ಚಾಸ್ಪರ್ಧೆ. ಮೂರು ವಾರದಿಂದ ಕನ್ನಡಿಯ ಮುಂದೆ ತಯಾರಿ ನಡೆಸಿ ಕನ್ನಡಿಗೇ ನನ್ನ ಭಾಷಣ ಬಾಯಿಪಾಠವಾಗಿತ್ತು. "ಅವತ್ತ ಲಿಂಗಸುಗೂರಾಗ ನನ್ನ ಭಾಷಣ ಐತಿ. ನೋಡ್ತೀನಿ ಅಕ್ಕ" ಅಂದೆ. ನೋಡ್ತೀನಿ ಅನ್ನುವ ಮಾತನ್ನು ಕಂಡುಹಿಡಿದವರು ಯಾರೋ, ಬಹಳ ಅನುಭವಸ್ಥರು.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ. ಈ ಭೂಗೋಳವನ್ನು ನಾನು ಮಾಡಿದ್ದಲ್ಲ. ಶನಿವಾರ ಬೆಳಗ್ಗೆ ಮಸ್ಕಿ ನಿಲ್ದಾಣದಲ್ಲಿ ಬಸ್ಸು ನಿಂತಿತು, ಕಂಡಕ್ಟರು "ಹತ್ತ ಮಿನಿಟ್ ಚಹಾ" ಅಂದು ಇಳಿದ. ನಾನು ತಲೆ ತಗ್ಗಿಸಿ ಭಾಷಣದ ಹಾಳೆಯಲ್ಲಿ ಮುಖ ಮುಚ್ಚಿಕೊಂಡೆ. ಕಿಟಕಿಯ ಸರಳಿಗೆ ಯಾರೋ ಬೆರಳಿನಿಂದ ಬಡಿದರು. ಗಿರಿಜಕ್ಕ. ಬೆಳಗಿನಿಂದ ಎಷ್ಟು ಬಸ್ಸು ನೋಡಿದ್ದಳೋ, ಮುಖವೆಲ್ಲ ಧೂಳಾಗಿತ್ತು.

"ಇಳಿ ಶಶಿ. ನಾ ಅಪ್ಪಗ ಹೇಳಿ ಈಗಿಂದೀಗ ಓಟು ಹಾಕಿಸ್ತೀನಿ. ಹಿಂದ ಬರೋ ಬಸ್ಸಿಗೆ ಹೋಗೀಯಂತ."

"ಹತ್ತೂವರಿಗೆ ಹೆಸರು ಬರಸೋದು ಮುಗೀತೈತಿ ಅಕ್ಕ. ಹಿಂದಿನ ಬಸ್ಸು ಮುಟ್ಟಂಗಿಲ್ಲ."

"ಮುಂದಿನ ವರ್ಷ ಮತ್ತ ಇರ್ತೈತಲ್ಲ ಭಾಷಣ?"

"ಅದಲ್ದ," ಅಂತ ನಾನು ಶುರುಮಾಡಿದೆ, ಮತ್ತು ಈ ಮುಂದಿನ ಮಾತು ನನ್ನ ಬಾಯಿಂದ ಬಂತು ಅನ್ನುವುದನ್ನು ಬರೆಯಲು ನನ್ನ ಪೆನ್ನು ಮೂರು ಸಲ ನಿಂತಿದೆ. "ಅದು ನಿಮ್ಮ ಮನಿ ಒಳಗಿನ ವಿಚಾರ ಅಕ್ಕ. ಹೊರಗಿನಾಕಿ ನಾ ಬಂದು ನಡುವ ಬಾಯಿ ಹಾಕಿದ್ರ ಚಂದ ಕಾಣಂಗಿಲ್ಲ."

ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸು ನನ್ನ ಭುಜ ತಿವಿದಳು. "ಇಳಿಯೋದಿದ್ರ ಲಗೂನ ಇಳಿಯವ್ವಾ, ಇಲ್ಲಂದ್ರ ಇಲ್ಲ ಅನ್ನು. ನನ್ನ ಕಾಲು ಹೋಗ್ಯಾವ." ನಾನು ಇಳಿಯಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಬಸ್ಸೇ ನನ್ನ ಪರವಾಗಿ ಉತ್ತರ ಕೊಟ್ಟು ಹೊರಟಿತು.

ಅವತ್ತು ನಾನು ಮಾತಾಡಿದಷ್ಟು ಚೆನ್ನಾಗಿ ಯಾವತ್ತೂ ಮಾತಾಡಿಲ್ಲ. ಎಣ್ಣೆ ಇಲ್ಲದ ನೆಲದಲ್ಲಿ ಯಾವ ದೊಡ್ಡ ದೇಶಕ್ಕೂ ಜನರ ಹಕ್ಕು ನೆನಪಾಗುವುದಿಲ್ಲ ಅಂದೆ. ತಮಗೆ ಬೇಕಾದ ಸರ್ವಾಧಿಕಾರಿಯ ಜೊತೆ ಕೂತು ಊಟ ಮಾಡುತ್ತಾರೆ, ಬೇಡವಾದವನ ಮನೆಗೆ ಮಾತ್ರ ಪ್ರಜಾಪ್ರಭುತ್ವ ಹೊತ್ತು ಬರುತ್ತಾರೆ ಅಂದೆ. ಕೆಲಸ ಮುಗಿದ ದಿನ ಹೊರಡುತ್ತಾರೆ, ಹಿಂದೆ ಉಳಿದವರು ಕೂಗಿದರೆ ಅದು ನಿಮ್ಮ ಆಂತರಿಕ ವಿಚಾರ ಅನ್ನುತ್ತಾರೆ ಅಂದೆ. ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. "ಎಷ್ಟು ಆಳವಾದ ಅಧ್ಯಯನ!" ಅಂತ ಮೈಕಿನಲ್ಲೇ ಹೊಗಳಿದರು. ಅಧ್ಯಯನ ಹೌದು. ಅಡುಗೆಮನೆ, ಪಡಸಾಲೆ, ಬಸ್ಸು, ಎಲ್ಲ ಕಡೆ ಮಾಡಿದ್ದೆ.

ವಾಪಸು ಬರುವಾಗ ಮಸ್ಕಿಯಲ್ಲಿ ಇಳಿದೆ. ಮನೆ ಮುಟ್ಟುವಾಗ ನಾಲ್ಕಾಗಿತ್ತು. ಗಂಡಿನವರು ಬಂದು ಮದುವೆಯ ಮಾತು ಪಕ್ಕಾ ಮಾಡಿ ಸಕ್ಕರೆ ಹಂಚಿ ಹೋಗಿದ್ದರು. ದೊಡ್ಡಪ್ಪ ಬಾಗಿಲಲ್ಲೇ ಹಿಡಿದುಕೊಂಡು ಹೇಳಿದರು. "ಮೂರು-ಎರಡು. ಎಲ್ಲಾ ನಿನ್ನ ಕಾಯಿದೆ ಪ್ರಕಾರ ನೋಡವಾ. ಯಾರೂ ಜಬರದಸ್ತಿ ಮಾಡಿಲ್ಲ." ಅವರ ಮುಖದಲ್ಲಿ ಕಪಟ ಇರಲಿಲ್ಲ. ಅದೇ ಇನ್ನೂ ಕಷ್ಟವಾಯಿತು.

ನಾನು ಸೀದಾ ಆಯಿಯ ಹತ್ತಿರ ಓಡಿದೆ. ಅವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. "ಆಯಿ, ನೀ ಹುಕುಂ ಮಾಡು. ಆಗಂಗಿಲ್ಲ ಅಂತ ಹೇಳು. ನಿನ್ನ ಮುಂದ ದೊಡ್ಡಪ್ಪ ಇವತ್ತಿಗೂ ಹೆದರ್ತಾನ. ಓಟು ಗೀಟು ಎಲ್ಲ ಸುಳ್ಳು ಅನ್ನು." ಪ್ರಜಾಪ್ರಭುತ್ವವನ್ನು ಹೊತ್ತು ತಂದವಳೇ ಎರಡು ತಿಂಗಳಿಗೆ ಸರ್ವಾಧಿಕಾರಿಯ ಕಾಲು ಹಿಡಿದು ಸಿಂಹಾಸನಕ್ಕೆ ಬಾ ಅಂತ ಬೇಡಿಕೊಂಡದ್ದು ಹೀಗೆ.

"ಮಾತು ಕೊಟ್ಟೀನಿ ಬೇ" ಅಂದಳು ಆಯಿ. "ಮೊದಲ ಆಗಿದ್ರ ಏನಾದ್ರೂ ನನ್ನೊಬ್ಬಾಕೀನ ಬೈತಿದ್ರಿ. ಮುದುಕಿ ಸಾಯ್ಲಿ ಅಂತಿದ್ರಿ. ಅಂದ್ರೂ ಬೈಯಾಕ ಒಂದು ಮುಖ ಇತ್ತು. ಈಗ ಗಿರಿಜಿ ಯಾರನ್ನ ಬೈಬೇಕು ಹೇಳು? ಮೂರು ಕಾಳು ಜೋಳಾನ?"

ಎಲ್ಲರನ್ನೂ ಕೇಳಬೇಕು ಅನ್ನುವುದು ಕೆಟ್ಟ ಮಾತಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಕೇಳಿದ ದಿನ ಗಿರಿಜಕ್ಕನ ಮುಖ ಅರಳಿದ್ದನ್ನು ನಾನೇ ನೋಡಿದ್ದೇನೆ. ಆದರೆ ನಾನು ಅಳತೆ ತೆಗೆದದ್ದು ಕೂಲರಿಗೆ, ಹೊಲಿದು ತೊಡಿಸಿದ್ದು ಇಡೀ ಮನೆಗೆ. ಯಾರ ಓದನ್ನು ಯಾರು ಓಟಿಗೆ ಹಾಕಬಹುದು, ಯಾವುದನ್ನು ಹಾಕಲೇಬಾರದು ಅಂತ ನನ್ನ ಸಂವಿಧಾನದಲ್ಲಿ ಒಂದು ಸಾಲೂ ಇರಲಿಲ್ಲ. ಅಂಥ ಸಾಲು ಬೇಕಾಗುತ್ತದೆ ಅಂತ ಯೋಚಿಸುವಷ್ಟು ಹೊತ್ತು ನಾನು ಅಲ್ಲಿ ಸೆಖೆ ಅನುಭವಿಸಿರಲಿಲ್ಲ.

ಗಿರಿಜಕ್ಕ ನಡುಮನೆಯಲ್ಲಿ ಪುಸ್ತಕಗಳನ್ನು ಗೊಬ್ಬರದ ಖಾಲಿ ಚೀಲಕ್ಕೆ ತುಂಬುತ್ತಿದ್ದಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ನಾನು ಅಳಬಹುದಿತ್ತು, ಅತ್ತರೆ ಅವಳೇ ಸಮಾಧಾನ ಮಾಡುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಅವಳು ನನ್ನ ಕೈಯಲ್ಲಿದ್ದ ಬಹುಮಾನದ ಕಪ್ಪು ನೋಡಿದಳು.

"ಮೊದಲನೇದು ಬಂತೇನು? ಚಲೋ ಆತು. ಏನ್ ಮಾತಾಡಿದಿ ಹೇಳು, ಕೇಳೂಣು."

"ಬ್ಯಾಡ ಅಕ್ಕ."

"ಹೇಳಬೇ. ಇಷ್ಟು ದೂರ ಹೋಗಿ ಬಂದೀಯಲ್ಲ."

ಹೇಳಿದೆ. ಪೂರ್ತಿ ಹೇಳಿದೆ. ನಾಚಿಕೆಯ ವಿಷಯ ಏನೆಂದರೆ, ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ನನಗೆ ಲಹರಿ ಬಂದು ಎಡಗೈಯೂ ಎದ್ದಿತ್ತು. ಅವಳು ಚೀಲದ ಬಾಯಿ ಹಿಡಿದುಕೊಂಡೇ ಕೊನೆಯತನಕ ಕೇಳಿದಳು. ಆಮೇಲೆ ಚೀಲ ಬಿಟ್ಟು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಳು.

"ಬರಾಬರಿ ಹೇಳಿದಿ. ಆದ್ರೂ ಅವರದೇನು ತಪ್ಪೈತಿ ಬಿಡು, ಆ ದೊಡ್ಡ ದೇಶದವರದು. ಅಷ್ಟು ದೂರ ಕುಂತಿರ್ತಾರ. ಇಲ್ಲಿ ಯಾರ ಮನ್ಯಾಗ ಏನಾತು ಅಂತ ಅವರಿಗೆ ಹ್ಯಾಂಗ ತಿಳೀಬೇಕು, ಪಾಪ?"

ನೆಲದ ಮೇಲೆ ಎದುರುಬದುರು ಕೂತಿದ್ದೆವು. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಪ್ರತಿವಾದಕ್ಕೆ ಉತ್ತರ ಕೊಡದೆ ನಾನು ಯಾವ ವೇದಿಕೆಯಿಂದಲೂ ಇಳಿದವಳಲ್ಲ. ಅವತ್ತೂ ಕೊಟ್ಟೆ.

"ಹೌದಕ್ಕ," ಅಂದೆ. "ಭಾಳ ದೂರ."